ಟರ್ಬೋ ಕಾರು ಮತ್ತು ನಮ್ಮ ಕುಕ್ಕರ್

"ಟರ್ಬೋ" ಅಂದರೇನು ಅಂತ ಗಂಡಸರನ್ನು ಕೇಳಿ ನೋಡಿ, "ಪಿಕಪ್ ಜಾಸ್ತಿ" ಎಂದು ಸುಮ್ಮನಾಗುತ್ತಾರೆ. ದಿನಾ ಕುಕ್ಕರ್ ಇಡುವ ನಮಗೆ ಇದು ಕಷ್ಟದ ವಿಷಯವೇನಲ್ಲ, ಸೋದರಿಯರೇ.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಇಂಧನವನ್ನೂ ಹೆಚ್ಚು ಉರಿಸಬಹುದು, ಬಲ ಬರುತ್ತದೆ. ದಂಡವಾಗಿ ಹೋಗುವ ಹೊಗೆಯನ್ನೇ ದುಡಿಸುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದರು. ಆ ಚಕ್ರ ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ದಾಟುತ್ತದಂತೆ!

ಆದರೆ ಗಾಳಿ ಹೆಚ್ಚಿದರೆ ಹೊಗೆ ಹೆಚ್ಚು, ಹೊಗೆ ಹೆಚ್ಚಿದರೆ ಮತ್ತೆ ಗಾಳಿ ಹೆಚ್ಚು. ತಡೆಯುವವರು ಬೇಡವೇ? ಅದಕ್ಕೇ ವೇಸ್ಟ್‌ಗೇಟ್ ಎಂಬ ಪುಟ್ಟ ಬಾಗಿಲು. ಒತ್ತಡ ಮಿತಿ ಮುಟ್ಟಿದೊಡನೆ ಅದು ತೆರೆದು, ಒಂದಷ್ಟು ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಪಕ್ಕದಿಂದ ಸೈಲೆನ್ಸರ್ ಕಡೆಗೆ ಸಾಗಹಾಕುತ್ತದೆ. ನಾವು ಒಲೆ ಸಣ್ಣ ಮಾಡಿದ ಹಾಗೆ. ಪೆಟ್ರೋಲ್ ಕಾರಿನಲ್ಲಿ ಇನ್ನೊಂದು ವಾಲ್ವ್ ಉಂಟು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ದಾರಿ ಮುಚ್ಚಿ ಸಿಕ್ಕಿಬಿದ್ದ ಗಾಳಿಯನ್ನು ಅದು ಬಿಡುತ್ತದೆ. ಇದೇ ನಿಜವಾದ ಕುಕ್ಕರ್ ವೆಯ್ಟ್!

ಪಿಕಪ್ ಸಾಲದು ಅಂತ ವೇಸ್ಟ್‌ಗೇಟ್ ತಡವಾಗಿ ತೆರೆಯುವಂತೆ ಮಾಡಿಸುವ ಹುಡುಗರಿದ್ದಾರೆ. ಉರಿ ತಗ್ಗಿಸದೆ ವೆಯ್ಟನ್ನು ಅದುಮಿ ಹಿಡಿದಂತಾಯಿತು. ಪಿಸ್ಟನ್ನೇ ತೂತಾದೀತು. ಅಂಥ ಮಗ ಮನೆಯಲ್ಲಿದ್ದರೆ, ಕಾಸು ಕೊಡುವ ಮುಂಚೆ ಯಾತಕ್ಕೆ ಅಂತ ಕೇಳಿ.

ಇನ್ನೊಂದು ಮಾತು. ಘಾಟಿ ಹತ್ತಿ ಬಂದೊಡನೆ ಎಂಜಿನ್ ಆರಿಸಬೇಡಿ, ಒಂದು ನಿಮಿಷ ಹಾಗೇ ಓಡಲಿ. ಕಾದ ಅಚ್ಚನ್ನು ತಣಿಸುವುದು ಹರಿಯುವ ಎಂಜಿನ್ ಆಯಿಲೇ.