ಎರೆ ಹೊಲದ ಹಕ್ಕಿಗೆ ಎಂಥ ಸ್ಕೋಪು?

ಮಲೆನಾಡಿನಲ್ಲಿ ಹಕ್ಕಿ ನೋಡುವವರಿಗೆ ಮರ ಅಡ್ಡ. ಬಯಲುಸೀಮೆಯಲ್ಲಿ ನೋಡುವವರಿಗೆ ದೂರ ಅಡ್ಡ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎರೆ ನೆಲದಲ್ಲಿ ನಿಂತರೆ ಕಣ್ಣಿಗೆ ತಡೆಯೇ ಇಲ್ಲ. ತೊಗರಿ ಹೊಲದಾಚೆ ಜೋಳದ ಹೊಲ, ಅದರಾಚೆ ಮತ್ತೆ ತೊಗರಿ. ಹಕ್ಕಿಯೇನೋ ಕಾಣುತ್ತದೆ, ಯಾವ ಹಕ್ಕಿ ಎಂಬುದು ಕಾಣುವುದಿಲ್ಲ. ನಾವು ಇಪ್ಪತ್ತು ಹೆಜ್ಜೆ ಮುಂದಿಟ್ಟರೆ ಅದು ಇನ್ನೂರು ಹೆಜ್ಜೆ ಆಚೆ ಹೋಗಿ ಕೂರುತ್ತದೆ. ಮರೆಯಲ್ಲಿ ಅವಿತು ಹೋಗೋಣವೆಂದರೆ ಮರೆಯಾದರೂ ಎಲ್ಲಿದೆ?

ಹೀಗಾಗಿ ಈ ಕಡೆ ನಾಲ್ಕಾರು ವರ್ಷ ಬೈನಾಕ್ಯುಲರ್ ಹಿಡಿದು ತಿರುಗಿದವರು ಒಂದಲ್ಲ ಒಂದು ದಿನ ಸ್ಪಾಟಿಂಗ್ ಸ್ಕೋಪಿನ ವಿಚಾರಕ್ಕೆ ಬರುತ್ತಾರೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಒಂದೇ ಕಣ್ಣಿನಿಂದ ನೋಡುವ ದುರ್ಬೀನು ಅದು. ಬೆಲೆ ಕೆಲವು ಸಾವಿರದಿಂದ ಶುರುವಾಗಿ ಲಕ್ಷಗಳನ್ನು ದಾಟುತ್ತದೆ. ಸಂಬಳದಲ್ಲಿ ಉಳಿಸಿ ಕೊಳ್ಳುವ ಮಾಸ್ತರರಿಗೋ ಬ್ಯಾಂಕಿನ ಗುಮಾಸ್ತರಿಗೋ ಇದು ಜೀವಮಾನದಲ್ಲಿ ಒಮ್ಮೆ ಮಾಡುವ ಖರೀದಿ. ಆದ್ದರಿಂದ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಸ್ಕೋಪು ಬೇಕೇ ಬೇಕೆ ಎಂದು ಕೇಳುವವರಿದ್ದಾರೆ. ಈ ಮೂರೂ ತಾಲ್ಲೂಕುಗಳು ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಲೀಂ ಅಲಿಯವರು ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು 1931-32ರಲ್ಲಿ ನಡೆಸಿದರು. ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933-34ರಲ್ಲಿ ಅಚ್ಚಾಯಿತು. ಆಗೆಲ್ಲ ಸಂಶಯದ ಹಕ್ಕಿಯನ್ನು ಖಚಿತವಾಗಿ ಗುರುತಿಸುವ ಸಾಧನವೆಂದರೆ ಬಂದೂಕು. ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಮೇಜಿನ ಮೇಲಿಟ್ಟು ಅಳತೆ ಮಾಡಬೇಕಿತ್ತು. ಅಂದು ಬಂದೂಕು ಮಾಡುತ್ತಿದ್ದ ಕೆಲಸವನ್ನು ಹಕ್ಕಿಯ ರೆಕ್ಕೆಯೂ ಕೊಂಕದಂತೆ ಇಂದು ಮಾಡುವುದು ಒಳ್ಳೆಯ ಸ್ಕೋಪು.

ಉದಾಹರಣೆ ನೋಡಿ. ಚಳಿಗಾಲದಲ್ಲಿ ಆಳಂದದ ಅಮರ್ಜಾ ಜಲಾಶಯದಂಥ ಕಡೆ ನೀರು ಇಳಿದ ಕೆಸರಿನಂಚನ್ನು ಗಮನಿಸಿ. ಗುಬ್ಬಿ ಗಾತ್ರದ ಎರಡು ಬಗೆಯ ವಲಸೆ ಹಕ್ಕಿಗಳು ದಖನ್ನಿನ ಇಂಥ ದಂಡೆಗಳಿಗೆ ಬರುತ್ತವೆ. ಕಾಲು ಕಪ್ಪಾಗಿದ್ದರೆ ಲಿಟ್ಲ್ ಸ್ಟಿಂಟ್, ಹಸಿರು ಬೆರೆತ ಹಳದಿಯಾಗಿದ್ದರೆ ಟೆಮಿಂಕ್ ಸ್ಟಿಂಟ್. ನೂರೈವತ್ತು ಮೀಟರು ದೂರದಿಂದ ಬೆಂಕಿಕಡ್ಡಿಯಂಥ ಕಾಲಿನ ಬಣ್ಣ ಹೇಳಬೇಕು! ಕೊಯ್ಲಾದ ಹೊಲದ ಮೇಲೆ ತೇಲುವ ಹ್ಯಾರಿಯರ್ ಗಿಡುಗಗಳದ್ದೂ ಇದೇ ಕಥೆ. ಮಾಂಟೆಗು, ಪ್ಯಾಲಿಡ್ ಎಂಬ ಎರಡು ಜಾತಿಗಳ ಹೆಣ್ಣುಗಳು ಅಕ್ಕತಂಗಿಯರಂತಿರುತ್ತವೆ. ಕೆನ್ನೆಯ ಹಿಂದೆ ಮಸುಕು ಬಿಳಿಯ ಕೊರಳಪಟ್ಟಿ ಸ್ಪಷ್ಟವಾಗಿದ್ದರೆ ಅದು ಪ್ಯಾಲಿಡ್. ಇನ್ನು, ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಿಗೆ ಗುರುತುಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಆ ಪಟ್ಟಿಯ ಅಕ್ಷರ ಓದಿದವರಿಗೆ ಒಂದು ಹಕ್ಕಿಯ ಸಾವಿರಾರು ಮೈಲಿಯ ಪಯಣ ತಿಳಿಯುತ್ತದೆ. ಓದಲಾಗದವರಿಗೆ ಅದು ಬರೀ ಬಾತು.

ಈಗ ಲೆಕ್ಕಕ್ಕೆ ಬರೋಣ. ಸ್ಕೋಪಿನ ಮೇಲೆ 20-60×80 ಎಂದು ಬರೆದಿದ್ದರೆ, 20ರಿಂದ 60 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಗಾಜು 80 ಮಿಲಿಮೀಟರ್ ಅಗಲವಿದೆ ಎಂದರ್ಥ. 30 ಪಟ್ಟಿನಲ್ಲಿ ನೋಡಿದರೆ 300 ಮೀಟರ್ ದೂರದ ಹಕ್ಕಿ 10 ಮೀಟರ್ ದೂರದಲ್ಲಿ ಇದ್ದಂತೆ. 60 ಪಟ್ಟಾದರೆ 5 ಮೀಟರ್. ಹಾಗಾದರೆ 60 ಪಟ್ಟಿನದೇ ಮೇಲಲ್ಲವೆ? ಅಂಗಡಿಯವರು ಹೇಳುವುದೂ ಅದನ್ನೇ. ಆದರೆ ಹಿಗ್ಗಿಸಿದಷ್ಟೂ ಬೆಳಕು ಹಂಚಿಹೋಗುತ್ತದೆ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. 80ನ್ನು 20ರಿಂದ ಭಾಗಿಸಿದರೆ 4. ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ 4 ಮಿಲಿಮೀಟರ್. 60ರಿಂದ ಭಾಗಿಸಿದರೆ ಒಂದೂ ಕಾಲು ಚಿಲ್ಲರೆ. ಮುಸ್ಸಂಜೆಯಲ್ಲಿ ಅಷ್ಟು ಸಣ್ಣ ಕಂಬದಿಂದ ಕಾಣುವುದು ಮಬ್ಬು ಮಾತ್ರ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಗಾಳಿಯದು. ಎರೆ ಮಣ್ಣು ಕಪ್ಪು. ಬಿಸಿಲು ಬಿದ್ದರೆ ಬೇಗ ಕಾಯುತ್ತದೆ. ನೆಲದಿಂದೇಳುವ ಬಿಸಿಗಾಳಿ ಕುದಿಯುವ ಎಸರಿನಂತೆ ಕಂಪಿಸುತ್ತದೆ. ಬಿಸಿಲ್ಗುದುರೆ ಓಡುವ ಹೊಲದಲ್ಲಿ 60 ಪಟ್ಟು ಹಿಗ್ಗಿಸಿದರೆ ಹಿಗ್ಗುವುದು ಹಕ್ಕಿಯಲ್ಲ, ಆ ಕಂಪನ! ಎಷ್ಟು ಲಕ್ಷ ಕೊಟ್ಟ ಸ್ಕೋಪಾದರೂ ಇದನ್ನು ಗೆಲ್ಲಲಾರದು. ಬೆಳಗಿನ ತಂಪಿನಲ್ಲಿ 40 ಪಟ್ಟು ನಿಚ್ಚಳವಾಗಿ ಕಂಡದ್ದು ಹೊತ್ತೇರಿದ ಮೇಲೆ 20-25ಕ್ಕೆ ಇಳಿಸಿದರೂ ಕಲಕುತ್ತದೆ. ಆದ್ದರಿಂದ ಈ ಸೀಮೆಯವರು ದೊಡ್ಡ ಅಂಕಿಗೆ ದುಡ್ಡು ಸುರಿಯುವುದು ಬೇಡ. 20ರಿಂದ 40ರವರೆಗೆ ಚೊಕ್ಕವಾಗಿ ತೋರಿಸುವ ಸ್ಕೋಪು ಸಿಕ್ಕರೆ ಸಾಕು. ಅದರ ಮೇಲಿನದು ವರ್ಷದಲ್ಲಿ ಕೆಲವೇ ಬೆಳಗುಗಳಿಗೆ ಉಪಯೋಗ.

ದುಡ್ಡು ಹೋಗಬೇಕಾದದ್ದು ಗಾಜಿಗೆ. ಸಾಧಾರಣ ಮಸೂರದಲ್ಲಿ ಬಣ್ಣಗಳು ಒಂದೇ ಕಡೆ ಕೂಡುವುದಿಲ್ಲ. ಬಿಳಿ ಕೊಕ್ಕರೆಯ ಅಂಚಿಗೆ ನೇರಳೆ ಗೆರೆ ಕಾಣುತ್ತದೆ. ಕಾಲಿನ ಬಣ್ಣ ಕೆಡುತ್ತದೆ. ಇದನ್ನು ತಗ್ಗಿಸಲೆಂದೇ ಇ.ಡಿ. ಗಾಜು, ಫ್ಲೋರೈಟ್ ಹರಳು ಬಳಸುತ್ತಾರೆ. ಆಸ್ಟ್ರಿಯಾದ ಸ್ವರೋವ್‌ಸ್ಕಿ, ಜರ್ಮನಿಯ ಜೈಸ್ ಮತ್ತು ಲೈಕಾ, ಜಪಾನಿನ ಕೋವಾ ಇದರಲ್ಲಿ ಹೆಸರಾದವು. ಅಷ್ಟು ಶಕ್ತಿಯಿಲ್ಲದವರು ಮಧ್ಯಮ ಬೆಲೆಯ ಇ.ಡಿ. ಗಾಜಿನ 65 ಮಿಲಿಮೀಟರ್ ಸ್ಕೋಪು ಕೊಳ್ಳಬಹುದು. 80ರ ಗಾಜು 65ಕ್ಕಿಂತ ಒಂದೂವರೆ ಪಟ್ಟು ಬೆಳಕು ಹಿಡಿಯುತ್ತದೆ, ನಿಜ. ಆದರೆ ತೂಕವೂ ಹೆಚ್ಚು. ಬಸ್ಸಿಳಿದು ಹೊಲದ ಬದುವಿನ ಮೇಲೆ ಮೂರು ಮೈಲಿ ನಡೆಯುವವರು ತಮ್ಮ ಹೆಗಲನ್ನೂ ಕೇಳಿ ತೀರ್ಮಾನಿಸಬೇಕು.

ಕಣ್ಣಿಡುವ ಕೊಳವೆ ನೇರವಾಗಿರುವುದುಂಟು, 45 ಡಿಗ್ರಿ ಬಾಗಿರುವುದುಂಟು. ಹಕ್ಕಿಯನ್ನು ಥಟ್ಟನೆ ಹಿಡಿಯಲು ನೇರದ್ದು ಸುಲಭ. ಹಲವರು ಸೇರಿ ನೋಡುವುದಾದರೆ ಬಾಗಿದ್ದೇ ಅನುಕೂಲ. ಸ್ಟ್ಯಾಂಡನ್ನು ತಗ್ಗಿಸಿಟ್ಟರೆ ಐದನೆಯ ಇಯತ್ತೆಯ ಹುಡುಗಿಯೂ ನೋಡಬಹುದು, ಆರಡಿ ಎತ್ತರದ ಮಾಸ್ತರರೂ ಬಾಗಿ ನೋಡಬಹುದು. ಕನ್ನಡಕದವರು ಕಣ್ಣನ್ನು ಗಾಜಿನಿಂದ 15 ಮಿಲಿಮೀಟರಾದರೂ ದೂರವಿಟ್ಟಾಗ ಪೂರ್ತಿ ಚಿತ್ರ ಕಾಣುತ್ತದೆಯೇ ಎಂದು ನೋಡಿಕೊಳ್ಳಬೇಕು.

ಸ್ಕೋಪಿಗೆ ಕೈಬಿಚ್ಚಿ ಖರ್ಚು ಮಾಡಿ ಸ್ಟ್ಯಾಂಡಿಗೆ ಕೈ ಬಿಗಿಹಿಡಿಯುವುದು ಬಹಳ ಜನರ ರೂಢಿ. ಬುನಾದಿ ಇಲ್ಲದ ಮನೆಗೆ ಬಣ್ಣ ಬಳಿದಂತೆ ಅದು. 30 ಪಟ್ಟು ಹಿಗ್ಗಿಸುವ ಸ್ಕೋಪು ನಡುಕವನ್ನೂ 30 ಪಟ್ಟು ಹಿಗ್ಗಿಸುತ್ತದೆ. ಅಡೆತಡೆಯಿಲ್ಲದ ಈ ಬಯಲಿನ ಗಾಳಿಗೆ ಹಗುರ ಸ್ಟ್ಯಾಂಡು ನಿಲ್ಲುವುದಿಲ್ಲ. ಗಟ್ಟಿ ಕಾಲು, ನಯವಾಗಿ ತಿರುಗುವ ತಲೆ ಇರಲಿ; ನಡುಗಂಬವನ್ನು ಮೇಲೆತ್ತಬೇಡಿ; ಅದಕ್ಕೆ ನಿಮ್ಮ ಬುತ್ತಿಚೀಲವನ್ನೇ ತೂಗುಹಾಕಿ.

ಕೊಳ್ಳುವಾಗ ಅಂಗಡಿಯ ಒಳಗೆ ನೋಡಿ ಒಪ್ಪಬೇಡಿ. ಬಾಗಿಲಾಚೆ ತಂದು, ಆಕಾಶಕ್ಕೆದುರಾಗಿರುವ ವಿದ್ಯುತ್ ತಂತಿಯನ್ನು ನೋಡಿ. ಇಕ್ಕೆಲದಲ್ಲಿ ನೇರಳೆ, ಹಸಿರು ಗೆರೆ ದಪ್ಪಗಿದ್ದರೆ ಬೇಡ. ದೂರದ ಅಂಗಡಿಯ ಬೋರ್ಡಿನ ಸಣ್ಣ ಅಕ್ಷರವನ್ನು ಮೊದಲು ನಡುವಿನಲ್ಲಿ, ಆಮೇಲೆ ಅಂಚಿನಲ್ಲಿ ಓದಿ. ನೀರು ನುಗ್ಗದಂತೆ ಮುಚ್ಚಿ ನೈಟ್ರೋಜನ್ ತುಂಬಿದ್ದಾರೆಯೇ ಎಂದು ಕೇಳಿ. ನಮ್ಮ ಎರೆ ಧೂಳಿಗೂ ಮಳೆಗಾಲದ ಬೂಷ್ಟಿಗೂ ಅದು ರಕ್ಷೆ. ಮನೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ಗಾಜಿನ ಮೇಲಿನ ಧೂಳನ್ನು ಮೊದಲು ಊದಿ ತೆಗೆಯಿರಿ. ಧೋತರದ ಚುಂಗಿನಿಂದ ಒರೆಸಿದರೆ ಮಣ್ಣಿನ ಕಣವೇ ಗಾಜನ್ನು ಗೀಚುತ್ತದೆ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ, ಮಕ್ಕಳಿಗೂ ಬಿಡಬೇಡಿ. ಒಂದು ಕ್ಷಣದಲ್ಲಿ ಕಣ್ಣು ಹೋದೀತು.

ಎಲ್ಲಿ ನಿಲ್ಲಬೇಕೆಂಬುದೂ ಸ್ಕೋಪಿನಷ್ಟೇ ಮುಖ್ಯ. ಸೂರ್ಯ ಬೆನ್ನ ಹಿಂದಿರಲಿ. ಕಾದ ನೆಲದ ಮೇಲಿಂದ ನೋಡುವುದಕ್ಕಿಂತ ನೀರಿನ ಮೇಲಿಂದ ನೋಡುವುದು, ತಗ್ಗಿನಿಂದ ನೋಡುವುದಕ್ಕಿಂತ ದಿಬ್ಬದಿಂದ ನೋಡುವುದು ಲೇಸು. ಭೀಮಾ, ಅಮರ್ಜಾ ಕೂಡುವ ಗಾಣಗಾಪುರದ ಸಂಗಮ, ಜೇವರ್ಗಿ ದಾರಿಯ ಕಟ್ಟಿಸಂಗಾವಿಯ ಹೊಳೆದಂಡೆ ಇದಕ್ಕೆ ಒದಗುತ್ತವೆ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಬಳಿಯಾದರೆ ಅಲ್ಲಿಯವರ ಅನುಮತಿ ಪಡೆದು ನಿಲ್ಲಿ. ಇನ್ನೊಂದು ಮಾತು: ಮೂರು ಕಾಲಿನ ಸ್ಟ್ಯಾಂಡು ಕಂಡರೆ ಸರ್ವೆಯವರು ಭೂಮಿ ಅಳೆಯಲು ಬಂದರೆಂದು ರೈತರಿಗೆ ದಿಗಿಲಾಗುವುದು ಸಹಜ. ಮೊದಲು ಹೊಲದ ಯಜಮಾನರನ್ನು ಕರೆದು, ‘ಬರ್ರಿ, ಒಂದೀಟು ನೋಡ್ರಿ’ ಎಂದು ತೋರಿಸಿ. ಹೊಲದಲ್ಲಿ ಯಾವ ಹಕ್ಕಿ ಯಾವಾಗ ಬರುತ್ತದೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈ ಎರೆ ನೆಲದ ಹೆಸರನ್ನೇ ಹೊತ್ತ ಹಕ್ಕಿಯೊಂದಿದೆ: ಎರೆಭೂತ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ನಾನಜ್‌ನಲ್ಲಿ ಅದಕ್ಕೆಂದೇ ಅಭಯಾರಣ್ಯವಾಯಿತು. ಇಂದು ಕಾಡಿನಲ್ಲಿ ಉಳಿದಿರುವ ಎರೆಭೂತಗಳು 150ಕ್ಕಿಂತ ಕಡಿಮೆ ಎಂಬುದು ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದ್ದವು. ಅಂಥ ಹಕ್ಕಿ ಎಂದಾದರೂ ಕಣ್ಣಿಗೆ ಬಿದ್ದರೆ ಹತ್ತಿರ ಹೋಗಿ ಓಡಿಸುವುದು ದ್ರೋಹ. ಅರ್ಧ ಮೈಲಿ ದೂರದಲ್ಲೇ ನಿಂತು, ನೋಡಿ, ಬರೆದುಕೊಂಡು, ಅರಣ್ಯ ಇಲಾಖೆಗೆ ತಿಳಿಸಬೇಕು. ‘ಕಂಡಂತಾಯಿತು’ ಎಂಬ ಮಾತಿಗೆ ದಾಖಲೆಯಲ್ಲಿ ಬೆಲೆಯಿಲ್ಲ. ‘ಕಂಡೆ’ ಎನ್ನಲು ಸ್ಪಷ್ಟವಾದ ಗಾಜು ಬೇಕು.

ಒಬ್ಬರ ಕೈಯಲ್ಲಿ ಆಗದಿದ್ದರೆ ನಾಲ್ವರು ಗೆಳೆಯರು ಸೇರಿ ಕೊಳ್ಳಿ, ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ನಾಲ್ಕು ಸಾಧಾರಣ ಸ್ಕೋಪುಗಳಿಗಿಂತ ಊರಿಗೆ ಒಂದು ಒಳ್ಳೆಯ ಸ್ಕೋಪು ಮೇಲು.