ಮಂಡಿಯ ಸೋಂಕು: ಎರಡನೆಯ ಖರ್ಚು ಯಾರ ತಲೆಯ ಮೇಲೆ?



ಸವೆದ ಮಂಡಿಯನ್ನು ತೆಗೆದು ಲೋಹದ ಕೀಲು ಕೂರಿಸುವ ಶಸ್ತ್ರಚಿಕಿತ್ಸೆ ಈಗ ಅಹಮದಾಬಾದು, ವಡೋದರಾ, ಸೂರತ್ ಮೂರೂ ನಗರಗಳಲ್ಲಿ ನಡೆಯುತ್ತದೆ. ಒಂದು ಕಾಲಕ್ಕೆ ಧಣಿಗಳಿಗಷ್ಟೇ ಎಟುಕುತ್ತಿದ್ದ ಈ ಚಿಕಿತ್ಸೆ ಇಂದು ನಮ್ಮವರಿಗೂ ಎಟುಕುತ್ತಿದೆ. ವರ್ಷಗಟ್ಟಲೆ ಒಲೆಯ ಮುಂದೆ ನಿಂತ ಅಡಿಗೆಯವರೂ, ಮಗ್ಗದ ಮುಂದೆ ನಿಂತು ಮುದಿಯಾದ ಗಿರಣಿಯ ಹಿರಿಯರೂ ಇದರಿಂದ ಮತ್ತೆ ನಡೆದಾಡುವಂತಾದರೆ ಅದಕ್ಕಿಂತ ಸಂತೋಷವಿಲ್ಲ. ಆದರೆ ಇಂಥ ನೂರು ಜನರಲ್ಲಿ ಒಬ್ಬಿಬ್ಬರಿಗೆ ಹೊಸ ಕೀಲಿನೊಳಗೆ ಸೋಂಕು ತಗಲುತ್ತದೆ. ಆ ಒಬ್ಬಿಬ್ಬರ ಗತಿಯೇನು ಎಂಬುದನ್ನು ನಾವು ಕೇಳಬೇಕಾಗಿದೆ.

ಪಾತ್ರೆಯ ತಳಕ್ಕೆ ಹಿಡಿದ ಜಿಡ್ಡು ನೀರು ಹೊಯ್ದರೆ ಹೋಗದೆಂಬುದು ಹೋಟೆಲಿನಲ್ಲಿ ದುಡಿದವರಿಗೆಲ್ಲ ಗೊತ್ತು. ರೋಗಾಣುಗಳೂ ಲೋಹದ ಮೇಲೆ ಹಾಗೆಯೇ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಬರೀ ಮಾತ್ರೆ, ಸೂಜಿಮದ್ದಿಗೆ ಜಗ್ಗುವುದಿಲ್ಲ. ಬೇಗ ಗೊತ್ತಾದರೆ ಒಳಗೆ ತೊಳೆದು ಕೀಲನ್ನು ಉಳಿಸಬಹುದು. ತಡವಾದರೆ ಅನೇಕ ವೇಳೆ ಕೀಲನ್ನೇ ಕಿತ್ತು, ಔಷಧ ಬೆರೆಸಿದ ಸಿಮೆಂಟಿನ ತುಂಡನ್ನು ಅಲ್ಲಿಟ್ಟು, ವಾರಗಟ್ಟಲೆ ಔಷಧ ಕೊಟ್ಟು, ಆಮೇಲೆ ಮತ್ತೊಂದು ಕೀಲನ್ನು ಕೂರಿಸಬೇಕು. ಒಂದು ಶಸ್ತ್ರಚಿಕಿತ್ಸೆ ಮೂರಾಗುತ್ತದೆ.

ಇದರ ಖರ್ಚನ್ನು ನೋಡೋಣ. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಮಂಡಿ ಕೀಲುಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಮೊದಲ ಸಲದ ಸಾಮಾನ್ಯ ಕೀಲಿಗೆ 54,720 ರೂಪಾಯಿ, ಮರು ಶಸ್ತ್ರಚಿಕಿತ್ಸೆಯ ಕೀಲಿಗೆ 1,13,950 ರೂಪಾಯಿ, ತೆರಿಗೆ ಬೇರೆ. ಅಂದರೆ ಸಾಮಾನಿನ ಬೆಲೆಯೇ ಎರಡು ಪಟ್ಟಿಗೂ ಮೇಲಾಯಿತು. ಇದಕ್ಕೆ ಆಸ್ಪತ್ರೆಯ ಹಾಸಿಗೆ, ಔಷಧ, ಪರೀಕ್ಷೆಗಳನ್ನು ಸೇರಿಸಿರಿ. ಗುಜರಾತಿನಲ್ಲಿ 2023ರಲ್ಲಿ ಆಯುಷ್ಮಾನ್ ಕಾರ್ಡಿನ ಮಿತಿಯನ್ನು ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷಕ್ಕೆ ಏರಿಸಿದ್ದು ನಿಜ. ಆದರೆ ಕಾರ್ಡು ಆಸ್ಪತ್ರೆಗೆ ಹಣ ಕೊಟ್ಟೀತೇ ಹೊರತು ಮನೆಯ ಒಲೆ ಉರಿಸದು. ಇ.ಎಸ್.ಐ. ಇದ್ದವರಿಗೆ ಕಾಯಿಲೆಯ ಭತ್ಯೆ ಸಂಬಳದ ನೂರಕ್ಕೆ 70ರಂತೆ, ವರ್ಷಕ್ಕೆ 91 ದಿನ. ಕೀಲು ಕಿತ್ತು ಮತ್ತೆ ಕೂರಿಸಿಕೊಂಡವನು ಅಷ್ಟು ದಿನದೊಳಗೆ ಟ್ರೇ ಹಿಡಿದು ಓಡಾಡಬಲ್ಲನೇ? ಮಾಲೀಕನು ಹೆಸರನ್ನೇ ನೋಂದಾಯಿಸದ ಮಾಣಿಗೆ ಆ 91 ದಿನವೂ ಇಲ್ಲ.

ಸೋಂಕು ಹಣೆಬರಹವೆಂದು ಸುಮ್ಮನಿರುವ ಹಾಗಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಿಸುತ್ತಿದ್ದ ವೈದ್ಯ ಜಾನ್ ಚಾರ್ನ್‌ಲಿಯವರು ತಮ್ಮ ರೋಗಿಗಳಲ್ಲಿ ಸೋಂಕು ಬಂದವರನ್ನು ಎಣಿಸಿದರು. ಶಸ್ತ್ರಚಿಕಿತ್ಸೆಯ ಕೋಣೆಗೆ ಶೋಧಿಸಿದ ಗಾಳಿ ತಂದರು, ವೈದ್ಯರ ಉಡುಪನ್ನೂ ಬದಲಿಸಿದರು. ನೂರಕ್ಕೆ ಏಳೆಂಟರಷ್ಟಿದ್ದ ಸೋಂಕು ವರ್ಷಗಳಲ್ಲಿ ಒಂದಕ್ಕಿಂತ ಕೆಳಗಿಳಿಯಿತು. ಎಣಿಸಿದ್ದರಿಂದಲೇ ಇಳಿಯಿತು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಸರಕಾರಿ ಯೋಜನೆಯ ಹಣ ಪಡೆಯುವ ಪ್ರತಿ ಆಸ್ಪತ್ರೆಯೂ ವರ್ಷಕ್ಕೆ ಎಷ್ಟು ಕೀಲು ಕೂರಿಸಿತು, ಎಷ್ಟಕ್ಕೆ ಸೋಂಕು ತಗಲಿತು ಎಂಬ ಲೆಕ್ಕವನ್ನು ಬಾಗಿಲಲ್ಲಿ ಹಾಕಬೇಕು. ಸೋಂಕಾದರೆ ಖರ್ಚು ಯಾರದೆಂಬುದನ್ನು ಮೊದಲೇ ಕಾಗದದಲ್ಲಿ ಬರೆದುಕೊಡಬೇಕು. ಕೀಲಿನ ಸೋಂಕಿನವರಿಗೆ 91 ದಿನಗಳ ಮಿತಿಯನ್ನು ಇ.ಎಸ್.ಐ. ಸಡಿಲಿಸಬೇಕು.

ನಮ್ಮ ಕೈಯಲ್ಲಿರುವುದನ್ನು ನಾವೂ ಮಾಡೋಣ. ಶಸ್ತ್ರಚಿಕಿತ್ಸೆಗೆ ಮುಂಚೆ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರಬೇಕು. ಬೀಡಿ, ತಂಬಾಕು ಬಿಡಬೇಕು. ಹುಳುಕು ಹಲ್ಲು, ಕಾಲಿನ ಹುಣ್ಣು ವಾಸಿಮಾಡಿಕೊಳ್ಳಬೇಕು. ಆಮೇಲೆ ಗಾಯ ಸೋರಿದರೆ, ಊದಿ ಕೆಂಪಾದರೆ, ಜ್ವರ ಬಂದರೆ ಔಷಧದ ಅಂಗಡಿಯ ಮಾತ್ರೆ ನುಂಗಬಾರದು. ಅದರಿಂದ ರೋಗಾಣು ಪರೀಕ್ಷೆಗೆ ಸಿಗದೆ ಮರೆಯಾಗಬಹುದು. ಅದೇ ದಿನ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೆ ಹೋಗಿರಿ. ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವ ಮುಂಚೆ ಅದನ್ನು ಸಂಘಕ್ಕೆ ತನ್ನಿರಿ, ಕೂತು ಓದೋಣ. ಒಬ್ಬನೇ ಕೇಳಿದರೆ ಗದರಿಸಿ ಕಳಿಸಿಯಾರು. ಸಂಘವೇ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.