ರೊಟ್ಟಿಯ ತಪ್ಪಲ್ಲ, ತಟ್ಟೆಯ ತಪ್ಪು

ಕೈಗಳ ಹಿಂಭಾಗ ಕಪ್ಪಾಗಿ, ಚರ್ಮ ಒರಟಾಗಿ ಬಿರುಕು ಬಿಟ್ಟಿದೆ. ಕುತ್ತಿಗೆಯ ಸುತ್ತ ಹಾರ ಹಾಕಿದಂತೆ ಅದೇ ಕಪ್ಪು. ಅಂಗಿ ಮುಚ್ಚಿದ ಮೈ ಮಾತ್ರ ಸರಿಯಾಗಿದೆ. ಮನೆಯವರು ಬಿಸಿಲಿನ ದೋಷವೆನ್ನುತ್ತಾರೆ, ಔಷಧದ ಅಂಗಡಿಯವರು ಮುಲಾಮು ಕೊಡುತ್ತಾರೆ. ಕೆಲವು ವಾರಗಳಲ್ಲಿ ನಾಲಿಗೆ ಕೆಂಪಾಗಿ ಉರಿ, ನಿಲ್ಲದ ಭೇದಿ, ಆಮೇಲೆ ಮಂಕು, ಮರೆವು, ಒಮ್ಮೊಮ್ಮೆ ಅಸಂಬದ್ಧ ಮಾತು. ಅಷ್ಟು ಹೊತ್ತಿಗೆ ರೋಗಿಯನ್ನು ಮನೋವೈದ್ಯರ ಬಳಿಗೋ ದೇವರ ಬಳಿಗೋ ಕರೆದೊಯ್ದಿರುತ್ತಾರೆ. ಕಾಯಿಲೆಯ ಹೆಸರು ಪೆಲಾಗ್ರ. ಚಿಕಿತ್ಸೆ ಕೊಡದಿದ್ದರೆ ಸಾವೂ ಬರಬಹುದು, ಕೊಟ್ಟರೆ ಇಷ್ಟು ಸುಲಭವಾಗಿ ವಾಸಿಯಾಗುವ ಕಾಯಿಲೆಗಳು ಕಡಿಮೆ.

ನಮ್ಮ ಕಡೆ ಇದರ ಅಪವಾದವನ್ನು ಬಹುಕಾಲ ಹೊತ್ತದ್ದು ಜೋಳದ ರೊಟ್ಟಿ. ಅದು ಅನ್ಯಾಯ ಎಂಬುದು ನನ್ನ ವಾದ. ಏಕೆಂದು ತಿಳಿಯಲು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದ ಕತೆ ಸ್ವಲ್ಪ ಕೇಳಬೇಕು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನಂಬಿದ್ದ ಬಡವರಲ್ಲಿ ಪೆಲಾಗ್ರ ಹಬ್ಬಿದ್ದಾಗ ಅದು ಸೋಂಕೆಂದೇ ಹಲವು ವೈದ್ಯರು ತಿಳಿದಿದ್ದರು. 1914ರಲ್ಲಿ ತನಿಖೆಗೆ ಹೋದ ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದರು, ಕಾಯಿಲೆ ಮಾಯವಾಯಿತು. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ನಾಯಿಗಳಲ್ಲಿ ಬರುವ ಇಂಥದೇ ಕಾಯಿಲೆಯನ್ನು ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ವಾಸಿಮಾಡುವುದೆಂದು ತೋರಿಸಿದರು. ಆದರೂ ಒಂದು ಒಗಟು ಉಳಿಯಿತು. ಹಾಲಿನಲ್ಲಿ ನಿಯಾಸಿನ್ ತೀರಾ ಕಡಿಮೆ. ಹಾಗಿದ್ದೂ ಅದು ಪೆಲಾಗ್ರವನ್ನು ತಡೆಯುವುದು ಹೇಗೆ? 1945ರಲ್ಲಿ ಉತ್ತರ ಸಿಕ್ಕಿತು. ಹಾಲಿನ ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನ್ ಇದೆ, ದೇಹ ಅದರಿಂದಲೇ ನಿಯಾಸಿನ್ ಮಾಡಿಕೊಳ್ಳುತ್ತದೆ.

ಈ ಕೆಲಸ ನಡೆಯುವುದು ಯಕೃತ್ತಿನಲ್ಲಿ. ಟ್ರಿಪ್ಟೊಫ್ಯಾನ್ ಎಂದೊಡನೆ ಈಗಿನವರು ನಿದ್ದೆ, ನೆಮ್ಮದಿ, ಸೆರಟೋನಿನ್ ಎನ್ನುತ್ತಾರೆ. ಸೆರಟೋನಿನ್ ಆಗುವುದು ಅದರ ಅತಿ ಸಣ್ಣ ಪಾಲು. ದೇಹ ಒಡೆಯುವ ಟ್ರಿಪ್ಟೊಫ್ಯಾನಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೋಗುವುದು ಕೈನ್ಯುರೆನಿನ್ ಎಂಬ ಇನ್ನೊಂದು ದಾರಿಯಲ್ಲಿ. ಆ ದಾರಿಯ ಬಾಗಿಲು ತೆರೆಯುವುದು ಟ್ರಿಪ್ಟೊಫ್ಯಾನ್ ಡೈಆಕ್ಸಿಜನೇಸ್ ಎಂಬ ಕಿಣ್ವ, ಅದರೊಳಗೆ ಕಬ್ಬಿಣವಿದೆ. ಮುಂದೆ ಬರುವ ಒಂದು ಹೆಜ್ಜೆಯ ಕಿಣ್ವಕ್ಕೆ ರೈಬೋಫ್ಲೇವಿನ್ ಬೇಕು. ಅದರ ಮುಂದಿನ ಕೈನ್ಯುರೆನಿನೇಸ್‌ಗೆ ಬಿ6 ಜೀವಸತ್ವ ಬೇಕು. ಒಂದು ಕೈ ಕೆಲಸ ಬಿಟ್ಟರೆ ಸಾಲೆಲ್ಲ ನಿಂತಂತೆ. ಎಲ್ಲ ಸರಿಯಿದ್ದರೂ ಲಾಭ ಅಷ್ಟಕ್ಕಷ್ಟೆ: ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ನಿಂದ ಹುಟ್ಟುವುದು 1 ಮಿಲಿಗ್ರಾಂ ನಿಯಾಸಿನ್.

ಈಗ ಜೋಳಕ್ಕೆ ಬರೋಣ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಒಂದು ಹೊಸ ವಿಚಾರ ಮುಂದಿಟ್ಟರು. ದಖ್ಖನ್ನಿನ ಜೋಳದಲ್ಲಿ ಲ್ಯೂಸಿನ್ ಎಂಬ ಮತ್ತೊಂದು ಅಮೈನೋ ಆಮ್ಲ ಅತಿಯಾಗಿದೆ, ಟ್ರಿಪ್ಟೊಫ್ಯಾನ್ ನಿಯಾಸಿನ್ ಆಗುವುದಕ್ಕೆ ಅದೇ ಅಡ್ಡಿ ಎಂದು. ಎಲ್ಲರೂ ಇದನ್ನು ಒಪ್ಪಲಿಲ್ಲ, ಚರ್ಚೆ ದಶಕಗಳ ಕಾಲ ನಡೆಯಿತು. ಆದರೆ ಒಂದು ಮಾತು ಗಮನಿಸಿ. ಬಳಲಿದವರು ರೊಟ್ಟಿ ತಿಂದವರೆಲ್ಲ ಅಲ್ಲ. ರೊಟ್ಟಿ ಬಿಟ್ಟು ಬೇರೇನೂ ಸಿಗದ ಕೂಲಿಕಾರರು. ಉತ್ತರ ಕರ್ನಾಟಕದ ಊಟವನ್ನು ನೋಡಿ: ರೊಟ್ಟಿಯ ಪಕ್ಕದಲ್ಲಿ ಕಾಳಿನ ಪಲ್ಯ, ಝುಣಕ, ಮೊಸರು, ಶೇಂಗಾ ಚಟ್ನಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಿಯಾಸಿನ್ ಇದೆ, ಮೇಲೆ ಪ್ರೋಟೀನು. ಈ ತಟ್ಟೆಯನ್ನು ಹೊಂದಿಸಿದ ಅಜ್ಜಿಯರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ. ಅದೇ ತಟ್ಟೆಯಲ್ಲಿ ರೊಟ್ಟಿ, ಉಪ್ಪು, ಮೆಣಸಿನಕಾಯಿ ಮಾತ್ರ ಉಳಿದಾಗ ಕಾಯಿಲೆ ಬಂತು. ಇಂದು ನಗರಗಳಲ್ಲಿ ಜೋಳ ಸಕ್ಕರೆ ಕಾಯಿಲೆಯವರ ಧಾನ್ಯವೆಂದು ಒಳ್ಳೆಯ ಬೆಲೆಗೆ ಮಾರಾಟವಾಗುತ್ತಿದೆ. ಸಂತೋಷವೇ, ಆದರೆ ರೊಟ್ಟಿಯ ಜೊತೆಗಾರರನ್ನು ಬಿಟ್ಟು ರೊಟ್ಟಿಯನ್ನಷ್ಟೇ ಕೊಂಡುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇವತ್ತು ಪೆಲಾಗ್ರಕ್ಕಾಗಿ ಕಣ್ಣಿಡಬೇಕಾದ್ದು ಬೇರೆ ಕಡೆ. ಮೊದಲನೆಯದು ಕುಡಿತ. ದಿನವೂ ಕುಡಿಯುವವನು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದನ್ನು ಕರುಳು ಹೀರುವುದಿಲ್ಲ, ಯಕೃತ್ತು ಮೊದಲೇ ಸೋತಿರುತ್ತದೆ. ಅವನ ಮಂಕುತನವನ್ನು ಮನೆಯವರು ಅಮಲೆಂದೇ ತಿಳಿಯುತ್ತಾರೆ. ಎರಡನೆಯದು ಕ್ಷಯದ ಚಿಕಿತ್ಸೆ. ಅದರಲ್ಲಿ ಬಳಸುವ ಐಸೋನಿಯಾಜಿಡ್ ಮಾತ್ರೆ ಬಿ6 ಅನ್ನು ನಿಷ್ಕ್ರಿಯಗೊಳಿಸುತ್ತದೆ; ಆಗ ಕೈನ್ಯುರೆನಿನೇಸ್ ಕುಂಟುತ್ತದೆ. ಸೋಂಕಿನ ಸಮಯದಲ್ಲಿ ರೋಗನಿರೋಧಕ ಕೋಶಗಳಲ್ಲಿನ ಮತ್ತೊಂದು ಕಿಣ್ವ ಚುರುಕಾಗಿ ಟ್ರಿಪ್ಟೊಫ್ಯಾನನ್ನು ಬೇಗ ಬೇಗ ಖಾಲಿ ಮಾಡುವುದೂ ಉಂಟು. ಅದಕ್ಕೇ ಕ್ಷಯದ ಮಾತ್ರೆಗಳ ಜೊತೆಗೆ ಪಿರಿಡಾಕ್ಸಿನ್, ಅಂದರೆ ಬಿ6, ಕೊಡುತ್ತಾರೆ. 'ಬರೀ ಶಕ್ತಿಯ ಗುಳಿಗೆ' ಎಂದು ಅದನ್ನು ಪಕ್ಕಕ್ಕಿಡುವವರಿದ್ದಾರೆ. ಇಡಬೇಡಿ. ಅದೇ ರೀತಿ ಪೆಲಾಗ್ರದ ಭಯದಿಂದ ಕ್ಷಯದ ಮಾತ್ರೆಯನ್ನು ನೀವಾಗಿ ನಿಲ್ಲಿಸುವುದೂ ಬೇಡ.

ಬಿಸಿಲು ಬಿದ್ದ ಕಡೆಯಷ್ಟೇ, ಎಡ ಬಲ ಎರಡೂ ಕಡೆ ಒಂದೇ ತೆರನಾಗಿ ಚರ್ಮ ಕಪ್ಪಾದರೆ ವೈದ್ಯರ ಬಳಿ ಹೋಗಿ. ಏನು ಉಣ್ಣುತ್ತೀರಿ, ಎಷ್ಟು ಕುಡಿಯುತ್ತೀರಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ನಿಯಾಸಿನಮೈಡ್ ಶುರುಮಾಡಿದ ಕೆಲವೇ ದಿನಗಳಲ್ಲಿ ನಾಲಿಗೆಯ ಉರಿ ಮತ್ತು ಭೇದಿ ಇಳಿಯುತ್ತವೆ, ಮನಸ್ಸು ತಿಳಿಯಾಗುತ್ತದೆ. ಚರ್ಮಕ್ಕೆ ಇನ್ನೂ ಕೆಲವು ವಾರ ಬೇಕು.